ತಾನೇ ಗೇರು ಬದಲಿಸುವ ಕಾರು: ಒಂದು ದೋಷಪರೀಕ್ಷೆ

ಕಲಾ ವಿಭಾಗದ ವಿದ್ಯಾರ್ಥಿಯೊಬ್ಬನು ಮೋಟಾರು ಯಂತ್ರದ ವಿಷಯವಾಗಿ ಬರೆಯಹೊರಟರೆ ಅಧ್ಯಾಪಕರು ನಗಬಹುದು. ಆದರೆ ನಾನು ಅಂತಿಮ ಬಿ.ಎ. ತರಗತಿಯವರೆಗೆ ಬಂದಿರುವುದು ಸ್ಪ್ಯಾನರಿನ ಕೃಪೆಯಿಂದ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗನು. ತಂದೆಯವರು ಕೊಪ್ಪದ ಸಹಕಾರ ಸಾರಿಗೆಯಲ್ಲಿ ಮೆಕ್ಯಾನಿಕ್ ಆಗಿದ್ದರು. ಕಾರ್ಮಿಕರೇ ಒಡೆಯರಾಗಿ 1991ರಲ್ಲಿ ಕಟ್ಟಿದ ಆ ಸಂಸ್ಥೆಯ ಬಸ್ಸುಗಳು ಮಲೆನಾಡಿನ ಹಳ್ಳಿಹಳ್ಳಿಗೂ ಓಡಿ, 2020ರಲ್ಲಿ ನಿಂತುಹೋದವು. ಅಂದಿನಿಂದ ತಂದೆಯವರದು ರಸ್ತೆಬದಿಯ ಒಂದು ಚಿಕ್ಕ ಗ್ಯಾರೇಜು. ರಜಾದಿನಗಳಲ್ಲಿ ನಾನೇ ಅವರ ಸಹಾಯಕ.

ನರಸಿಂಹರಾಜಪುರದ ಕಡೆಯ ತೋಟದ ಯಜಮಾನರೊಬ್ಬರ ಬಳಿ 1960ರ ದಶಕದ ಅಮೆರಿಕದ ಕಾರೊಂದಿದೆ. ಅದಕ್ಕೆ ಕ್ಲಚ್ಚಿನ ಪೆಡಲು ಇಲ್ಲ. ಗೇರನ್ನು ಕಾರೇ ಬದಲಿಸಿಕೊಳ್ಳುತ್ತದೆ. ಕಳೆದ ಮಳೆಗಾಲದ ಕೊನೆಯಲ್ಲಿ ಅವರು ಶೃಂಗೇರಿಗೆ ಹೋಗುವಾಗ, ಹರಿಹರಪುರ ದಾಟಿದ ಮೇಲಿನ ಒಂದು ಏರಿನಲ್ಲಿ ಸೌದೆ ತುಂಬಿದ ಟ್ರಾಕ್ಟರೊಂದನ್ನು ಹಿಂದೆ ಹಾಕಲು ಪೆಡಲನ್ನು ಪೂರ್ತಿ ಒತ್ತಿದರಂತೆ. ಕಾರು ಮುನ್ನುಗ್ಗಲಿಲ್ಲ. ಎದುರಿನಿಂದ ಜೀಪೊಂದು ಬಂದೇಬಿಟ್ಟಿತು. ಕೂದಲೆಳೆಯಷ್ಟರಲ್ಲಿ ಜೀವ ಉಳಿಯಿತು. ಗೇರುಪೆಟ್ಟಿಗೆಯನ್ನು ಬಿಚ್ಚಿ ಬೆಂಗಳೂರಿಗೆ ಕಳುಹಿಸಬೇಕೆಂದು ನಿಶ್ಚಯಿಸಿಯೇ ಅವರು ನಮ್ಮಲ್ಲಿಗೆ ಬಂದಿದ್ದರು.

ದೋಷವನ್ನು ಹುಡುಕುವ ಮೊದಲು ಯಂತ್ರದ ಗುಣವನ್ನು ತಿಳಿಯಬೇಕು. ಎರಡು ಫ್ಯಾನುಗಳನ್ನು ಎದುರುಬದುರಾಗಿ ಇಟ್ಟು ಒಂದನ್ನು ಮಾತ್ರ ತಿರುಗಿಸಿದರೆ, ಅದರ ಗಾಳಿಗೆ ಇನ್ನೊಂದೂ ತಿರುಗುವುದು. ಇಲ್ಲಿ ಗಾಳಿಯ ಬದಲು ಎಣ್ಣೆ. ಎಂಜಿನ್ನು ತಿರುಗಿಸುವ ಚಕ್ರವು ಎಣ್ಣೆಯನ್ನು ಚಿಮ್ಮುತ್ತದೆ. ಗೇರಿನ ಕಡೆಯ ಚಕ್ರವು ಅದರ ಹೊಡೆತಕ್ಕೆ ತಿರುಗುತ್ತದೆ. ಇವೆರಡರ ನಡುವೆ ಸ್ಟೇಟರ್ ಎಂಬ ಮೂರನೆಯ ಚಕ್ರವಿದ್ದು, ಹಿಂದಿರುಗುವ ಎಣ್ಣೆಯ ದಿಕ್ಕನ್ನು ತಿರುಗಿಸಿ ಮೊದಲ ಚಕ್ರಕ್ಕೆ ನೆರವಾಗುವಂತೆ ಮಾಡುತ್ತದೆ. ಇದರಿಂದ ಕಾರು ಹೊರಡುವಾಗ ಎಂಜಿನ್ನಿನ ತಿರುಚುಬಲವು ಸುಮಾರು ಎರಡು ಪಟ್ಟಾಗುವುದು. ಇದೇ ಟಾರ್ಕ್ ಕನ್ವರ್ಟರ್. ಜರ್ಮನಿಯ ಹರ್ಮನ್ ಫ್ಯೋಟಿಂಗರ್ ಎಂಬಾತನು 1905ರಲ್ಲಿ ಹಡಗುಗಳಿಗಾಗಿ ಕಂಡುಹಿಡಿದ ತತ್ತ್ವವಿದು. 1948ರ ಹೊತ್ತಿಗೆ ಬ್ಯೂಕ್ ಕಾರುಗಳಲ್ಲಿ ಬಳಕೆಗೆ ಬಂದಿತು. 1960ರ ದಶಕದ ಕೆಲವು ಕಾರುಗಳಲ್ಲಿ ಸ್ಟೇಟರಿನ ಎಲೆಗಳನ್ನು ವಿದ್ಯುತ್ತಿನ ಆಜ್ಞೆಯಿಂದ ಓರೆ ಮಾಡುವ ಏರ್ಪಾಡೂ ಇತ್ತು. ಅದರ ತಂತಿ ಕೆಟ್ಟರೆ ಕಾರು ಮಂದವಾಗಿ ಹೊರಡುವುದುಂಟು. ಅರಿಯದವರು ಅದನ್ನು ಗೇರಿನ ಸವೆತವೆಂದು ಭ್ರಮಿಸುತ್ತಾರೆ.

ಗೇರು ಯಾವಾಗ ಬದಲಾಗಬೇಕೆಂಬುದನ್ನು ಎರಡು ಸಂಗತಿಗಳು ನಿರ್ಧರಿಸುತ್ತವೆ: ಗಾಡಿಯ ವೇಗ ಮತ್ತು ಎಂಜಿನ್ನಿನ ಮೇಲಿನ ಹೊರೆ. ಹೊರೆಯ ಸುದ್ದಿಯನ್ನು ಎಂಜಿನ್ನಿನಿಂದ ಬರುವ ಒಂದು ಸಣ್ಣ ನಿರ್ವಾತ ಕೊಳವೆಯು ತಲುಪಿಸುತ್ತದೆ. ಇವಲ್ಲದೆ ಚಾಲಕನ ನೇರ ಆಜ್ಞೆಯೂ ಒಂದುಂಟು. ಅದೇ ಕಿಕ್‌ಡೌನ್. ಪೆಡಲನ್ನು ತಳಕ್ಕೆ ಒತ್ತಿದಾಗ ಒಂದು ಸ್ವಿಚ್ಚು ಕೂಡಿ, ಗೇರುಪೆಟ್ಟಿಗೆಯೊಳಗಿನ ಸೊಲೆನಾಯ್ಡಿಗೆ ವಿದ್ಯುತ್ತು ಹರಿಯುತ್ತದೆ. ಅದು ಎಣ್ಣೆಯ ಒತ್ತಡವನ್ನು ಬದಲಿಸಿ ಕೆಳಗಿನ ಗೇರಿಗೆ ಇಳಿಸುತ್ತದೆ. (ಕೆಲವು ಕಾರುಗಳಲ್ಲಿ ಸ್ವಿಚ್ಚಿನ ಬದಲು ಸರಳು ಅಥವಾ ಕೇಬಲ್ ಇರುವುದು.) ವೇಗವು ಮಿತಿಮೀರಿದ್ದರೆ ಮಾತ್ರ ಎಂಜಿನ್ನಿನ ಹಿತಕ್ಕಾಗಿ ಗೇರು ಇಳಿಯುವುದಿಲ್ಲ, ಅದು ದೋಷವಲ್ಲ.

ನಾನು ಪುಸ್ತಕ ಓದಿದ ಜಂಬದಿಂದ, “ಒಳಗೆ ಸವೆದಿದೆ ಅಪ್ಪಯ್ಯ, ಬಿಚ್ಚುವುದೇ ಸರಿ” ಎಂದೆ. ತಂದೆಯವರು, “ಹೊರಗಿನದು ನೋಡಿ ಮುಗಿಯಿತಾ ಮಾರಾಯ? ಒಳಗಿನದು ಕಡೆಗೆ” ಎಂದರು. ಅವರು ಅನುಸರಿಸಿದ ಕ್ರಮ ಹೀಗಿತ್ತು.

ಮೊದಲನೆಯದಾಗಿ ಎಣ್ಣೆ. ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಎಂಜಿನ್ನು ಬಿಸಿಯಾಗಿ ಓಡುತ್ತಿರುವಾಗಲೇ ಅಳತೆಕಡ್ಡಿಯನ್ನು ನೋಡಿದರು. ಎಣ್ಣೆ ಕೆಂಪಾಗಿತ್ತು, ಸುಟ್ಟ ವಾಸನೆ ಇರಲಿಲ್ಲ. ಒಳಗಿನ ಪ್ಲೇಟುಗಳು ಸುಟ್ಟಿಲ್ಲವೆಂಬುದಕ್ಕೆ ಇದು ಒಂದು ಸೂಚನೆ.

ಎರಡನೆಯದಾಗಿ ನಿರ್ವಾತ ಕೊಳವೆ. ಅದು ಬಿರಿದಿದ್ದರೆ ಗೇರು ತಡವಾಗಿ, ಧಡಕ್ಕೆಂದು ಬೀಳುವುದು. ನಮ್ಮದು ಬಿರಿದಿರಲಿಲ್ಲ.

ಮೂರನೆಯದಾಗಿ ವಿದ್ಯುತ್ತು. ಎಂಜಿನ್ನು ನಿಲ್ಲಿಸಿ, ಕೀಲಿಯನ್ನು ಮಾತ್ರ ತಿರುಗಿಸಿ, ನನಗೆ ಪೆಡಲನ್ನು ಪೂರ್ತಿ ಒತ್ತಲು ಹೇಳಿ, ತಾವು ಗಾಡಿಯ ಕೆಳಗೆ ಕಿವಿಗೊಟ್ಟು ಮಲಗಿದರು. ಸೊಲೆನಾಯ್ಡು ‘ಟಿಕ್’ ಎನ್ನಬೇಕು, ಎನ್ನಲಿಲ್ಲ. ಪರೀಕ್ಷೆಯ ದೀಪವನ್ನು ಹಿಡಿದರೆ ಸ್ವಿಚ್ಚಿನವರೆಗೆ ವಿದ್ಯುತ್ತು ಬರುತ್ತಿತ್ತು, ಮುಂದಕ್ಕೆ ಹೋಗುತ್ತಿರಲಿಲ್ಲ. ತಂದೆಯವರು ಸ್ವಿಚ್ಚನ್ನು ಬೆರಳಿನಿಂದಲೇ ಒತ್ತಿದರು. ಟಿಕ್! ಎಂದರೆ ಸ್ವಿಚ್ಚು, ತಂತಿ, ಸೊಲೆನಾಯ್ಡು ಎಲ್ಲವೂ ಸರಿ. ಪೆಡಲೇ ಸ್ವಿಚ್ಚನ್ನು ತಲುಪುತ್ತಿಲ್ಲ!

ಏಕೆ ತಲುಪುತ್ತಿಲ್ಲ? ಬಗ್ಗಿ ನೋಡಿದೆ. ಎದೆ ಝಲ್ಲೆಂದಿತು. ಪೆಡಲಿನ ಕೆಳಗೆ ದಪ್ಪನೆಯ ತೆಂಗಿನ ನಾರಿನ ಹಾಸೊಂದಿತ್ತು. ಮಳೆಗಾಲದ ಆರಂಭದಲ್ಲಿ, ಕೆಸರು ತಾಗದಿರಲೆಂದು ಅದನ್ನು ಕತ್ತರಿಸಿ ಹಾಸಿದವನು ನಾನೇ. ಅದಕ್ಕೆ ಪಡೆದ ಹಣದಿಂದ ಪರೀಕ್ಷೆಯ ಶುಲ್ಕವನ್ನು ಕಟ್ಟಿದ್ದೆ. ಹಾಸನ್ನು ತೆಗೆದು ಒತ್ತಿದರೆ, ಟಿಕ್.

ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ತಂದೆಯವರು ನನ್ನ ಮುಖವನ್ನು ನೋಡಿದರು, ಮಾತನಾಡಲಿಲ್ಲ. ನಾನೇ ಯಜಮಾನರ ಬಳಿ ಹೋಗಿ, “ತಪ್ಪು ನನ್ನದು ಅಯ್ಯಾ, ಹಾಸು ಹಾಕಿದವನು ನಾನು” ಎಂದೆ. ಅವರು ಬಹಳ ಹೊತ್ತು ಸುಮ್ಮನಿದ್ದು, “ಹೇಳಿದೆಯಲ್ಲ, ಸಾಕು. ಏರು ಹತ್ತಿಸಿ ನೋಡುವ, ಬಾ” ಎಂದರು. ಎದುರಿಗೆ ಯಾರೂ ಇಲ್ಲದ ಏರಿನಲ್ಲಿ ಪೆಡಲನ್ನು ತಳಕ್ಕೆ ಒತ್ತಿದಾಗ ಕಾರು ಗುಟುರು ಹಾಕಿ ಮುನ್ನುಗ್ಗಿತು. ತಂದೆಯವರು ಆ ದಿನದ ಕೂಲಿಯನ್ನು ತೆಗೆದುಕೊಳ್ಳಲಿಲ್ಲ.

ಮಿತ್ರರೇ, ನಿಮ್ಮ ಮನೆಯ ವಾಹನ ಯಾವುದೇ ಇರಲಿ, ಪೆಡಲಿನ ಕೆಳಗೆ ಹೊಸದೇನನ್ನಾದರೂ ಹಾಸಿದ ದಿನ, ಎಂಜಿನ್ನು ಹಚ್ಚುವ ಮೊದಲು ಪೆಡಲನ್ನು ಒಮ್ಮೆ ಪೂರ್ತಿ ಒತ್ತಿ, ಬಿಟ್ಟು ನೋಡಿರಿ. ನಾನು ಅದೊಂದನ್ನು ಮಾಡಿರಲಿಲ್ಲ.