ರಿವಾಲ್ವರಿನ ಬೆಲೆಯೂ ವರ್ಗಾವಣೆ ಶುಲ್ಕದ ತೆರಿಗೆಯೂ

2025ರ ಕಾರ್ತಿಕ ಮಾಸದಲ್ಲಿ ಒಂದು ಭಾನುವಾರ, ಕಡೂರಿನಲ್ಲಿ ಕೊಬ್ಬರಿ ವ್ಯಾಪಾರ ಮಾಡುವ ನನ್ನ ಸೋದರಮಾವನವರು ಎರಡು ಬಿಲ್ಲುಗಳನ್ನು ನನ್ನ ಮುಂದಿಟ್ಟು, "ಏನಯ್ಯಾ, ಕಾಲೇಜಿನಲ್ಲಿ ಅರ್ಥಶಾಸ್ತ್ರ ಓದುತ್ತೀಯಲ್ಲ, ಈ ಲೆಕ್ಕ ಸರಿಯೋ ತಪ್ಪೋ ಹೇಳು ನೋಡೋಣ" ಎಂದರು. ಹಣದ ಚೀಲ ಹಿಡಿದು ರಾತ್ರಿ ವೇಳೆ ಓಡಾಡಬೇಕಾದವರಾದುದರಿಂದ ಅವರು ಆತ್ಮರಕ್ಷಣೆಗಾಗಿ ರಿವಾಲ್ವರಿನ ಲೈಸೆನ್ಸ್ ಪಡೆದಿದ್ದರು. ಬೆಂಗಳೂರಿನ ವ್ಯಾಪಾರಿಯೊಬ್ಬರ ಜಾಲತಾಣದಲ್ಲಿ ಒಂದು ರಿವಾಲ್ವರನ್ನು ಕಂಡು, ಒಪ್ಪಿ, ಹಣ ಕಟ್ಟಿದ್ದರು. ಆದರೆ ಅದು ಸೀರೆಯಂತೆ, ಪುಸ್ತಕದಂತೆ ಮನೆಯ ಬಾಗಿಲಿಗೆ ಬಂದು ಬೀಳುವ ಸರಕಲ್ಲ. ನಮ್ಮ ಕಡೆಯ ನಗರವೊಂದರ ಲೈಸೆನ್ಸುದಾರ ಅಂಗಡಿಯವರು ಅದನ್ನು ತರಿಸಿಕೊಂಡು, ಮಾವನವರ ಲೈಸೆನ್ಸನ್ನು ಪರೀಕ್ಷಿಸಿ, ಆಯುಧದ ಸಂಖ್ಯೆಯನ್ನು ದಾಖಲಿಸಿ, ಕೈಗೆ ಕೊಟ್ಟರು.

ಬೆಂಗಳೂರಿನವರ ಬಿಲ್ಲು ರಿವಾಲ್ವರಿನ ಬೆಲೆಗೆ. ಅಂಗಡಿಯವರ ಬಿಲ್ಲಿನಲ್ಲಿ ಇದ್ದುದು ಒಂದೇ ಸಾಲು: ವರ್ಗಾವಣೆ ಶುಲ್ಕ 5,000 ರೂಪಾಯಿ, ಅದರ ಮೇಲೆ ನೂರಕ್ಕೆ 40ರಂತೆ ತೆರಿಗೆ 2,000 ರೂಪಾಯಿ. ಮಾವನವರ ಸಂಶಯವಿದ್ದುದು ಈ ಎರಡು ಸಾವಿರದ ಮೇಲೆ. ಆ ಸಂಶಯವನ್ನು ಬಿಡಿಸುವ ಯತ್ನದಿಂದಲೇ ಈ ಲೇಖನ ಹುಟ್ಟಿತು.

ಮೊದಲು ಆಯುಧದ ಕಾನೂನನ್ನು ಸ್ವಲ್ಪ ನೋಡೋಣ. 1959ರ ಆಯುಧ ಶಾಸನದ ಪ್ರಕಾರ ಲೈಸೆನ್ಸಿಲ್ಲದೆ ಬಂದೂಕನ್ನು ಹೊಂದಕೂಡದು. ವ್ಯಾಪಾರಕ್ಕೆ ಬೇರೆಯೇ ಲೈಸೆನ್ಸ್ ಬೇಕು. 2019ರ ತಿದ್ದುಪಡಿಯಿಂದ ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳು ಮೂರರಿಂದ ಎರಡಕ್ಕಿಳಿದುವು. ಲೈಸೆನ್ಸಿನ ಅವಧಿ ಮೂರು ವರ್ಷಗಳಿಂದ ಐದಕ್ಕೇರಿತು. ಬೆಳೆ ರಕ್ಷಣೆಗೆಂದು ಕೇಳುವ, ಬಾಯಿಯಿಂದ ಮದ್ದು ತುಂಬುವ ಕೋವಿಗೆ ಈ ಶಾಸನದ 13ನೆಯ ಪ್ರಕರಣದಲ್ಲಿಯೇ ಪ್ರತ್ಯೇಕ ಸ್ಥಾನವಿದೆ. ತರೀಕೆರೆ ತಾಲೂಕಿನ ಲಕ್ಕವಳ್ಳಿಯ ಕಡೆ, ಭದ್ರಾ ಕಾಡಿನ ಅಂಚಿನಲ್ಲಿ ತೋಟ ಮಾಡಿದವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. (ಕೋವಿಯ ಲೈಸೆನ್ಸ್ ಎಂದರೆ ಬೇಟೆಯ ಲೈಸೆನ್ಸಲ್ಲ, 1972ರ ವನ್ಯಜೀವಿ ಸಂರಕ್ಷಣಾ ಶಾಸನ ಬೇರೆಯೇ ಇದೆ.) ಹೀಗೆ ಕೊಳ್ಳುವವರಿಗೂ ಮಾರುವವರಿಗೂ ನಡುವೆ ಲೈಸೆನ್ಸುಳ್ಳ ಒಬ್ಬ ಮೂರನೆಯವನು ಬಂದು ನಿಲ್ಲುವ ಸಂದರ್ಭ ಈ ವ್ಯಾಪಾರದಲ್ಲಿ ಒದಗುತ್ತದೆ. ಅವನು ಶ್ರಮಪಡುತ್ತಾನೆ, ಹೊಣೆ ಹೊರುತ್ತಾನೆ. ಆದುದರಿಂದ ಶುಲ್ಕ ಕೇಳುತ್ತಾನೆ. ಅದು ನ್ಯಾಯವೇ.

ಅಮೆರಿಕದಲ್ಲಿ ಇದು ನಿತ್ಯದ ಮಾತು. ಅಲ್ಲಿಯ 1968ರ ಬಂದೂಕು ನಿಯಂತ್ರಣ ಶಾಸನದ ಮೇರೆಗೆ, ಬೇರೆ ರಾಜ್ಯದಿಂದ ತರಿಸಿದ ಬಂದೂಕನ್ನು ಸಾಮಾನ್ಯ ಗಿರಾಕಿಯು ತನ್ನ ರಾಜ್ಯದ ಲೈಸೆನ್ಸುದಾರ ವ್ಯಾಪಾರಿಯ ಮೂಲಕವೇ ಪಡೆಯಬೇಕು. ಆ ವ್ಯಾಪಾರಿಯ ಶುಲ್ಕಕ್ಕೆ ತೆರಿಗೆ ಬೀಳುವುದೇ ಎಂಬ ಪ್ರಶ್ನೆಗೆ ಅಲ್ಲಿ ಒಂದೇ ಉತ್ತರವಿಲ್ಲ; ಮಾರಾಟ ತೆರಿಗೆ ಆಯಾ ರಾಜ್ಯದ್ದು. ಒರೆಗಾನ್, ಮೊಂಟಾನಾಗಳಲ್ಲಿ ರಾಜ್ಯದ ಸಾಮಾನ್ಯ ಮಾರಾಟ ತೆರಿಗೆಯೇ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ ಮಾರಾಟ ತೆರಿಗೆ ಸಾಲದೆಂಬಂತೆ 2024ರ ಜುಲೈಯಿಂದ ಬಂದೂಕು ಮತ್ತು ಮದ್ದುಗುಂಡುಗಳ ಮೇಲೆ ನೂರಕ್ಕೆ 11ರಂತೆ ಇನ್ನೊಂದು ತೆರಿಗೆಯನ್ನು ವ್ಯಾಪಾರಿಗಳ ಮೇಲೆ ಹಾಕಿದ್ದಾರೆ.

ನಮ್ಮಲ್ಲಿಯೂ ಈ ಪ್ರಶ್ನೆ ಹಳೆಯದೇ. ಮೈಸೂರು ಸಂಸ್ಥಾನದಲ್ಲಿ 1948ರಲ್ಲಿ ಮಾರಾಟ ತೆರಿಗೆ ಶಾಸನವಾಯಿತು. ಏಕೀಕರಣದ ತರುವಾಯ 1957ರ ಶಾಸನ ಬಂದಿತು. ಸಂವಿಧಾನವು ರಾಜ್ಯಗಳಿಗೆ ಕೊಟ್ಟದ್ದು ಸರಕುಗಳ ಮಾರಾಟ ಮತ್ತು ಖರೀದಿಯ ಮೇಲೆ ತೆರಿಗೆ ಹಾಕುವ ಅಧಿಕಾರ, ದುಡಿಮೆಯ ಮೇಲಲ್ಲ. 1958ರಲ್ಲಿ ಸುಪ್ರೀಂ ಕೋರ್ಟು ಗ್ಯಾನನ್ ಡಂಕರ್ಲಿ ಮೊಕದ್ದಮೆಯಲ್ಲಿ, ಕಟ್ಟಡ ಕಟ್ಟಿಕೊಡುವ ಅವಿಭಾಜ್ಯ ಕರಾರಿನಲ್ಲಿ ಸಾಮಗ್ರಿಯ ಬೆಲೆಯನ್ನು ಬೇರ್ಪಡಿಸಿ ಅದನ್ನು ಮಾರಾಟವೆಂದು ಕರೆಯಲಾಗದು ಎಂದು ತೀರ್ಮಾನಿಸಿತು. ಅದನ್ನು ಮೀರಲು 1982ರಲ್ಲಿ ಸಂವಿಧಾನಕ್ಕೆ 46ನೆಯ ತಿದ್ದುಪಡಿಯೇ ಬೇಕಾಯಿತು. ಸೇವೆಯ ಮೇಲಿನ ತೆರಿಗೆಯನ್ನು ಕೇಂದ್ರ ಸರ್ಕಾರ ಆರಂಭಿಸಿದ್ದು 1994ರಲ್ಲಿ. ಅದೂ ಟೆಲಿಫೋನು, ಷೇರು ದಲ್ಲಾಳಿ, ಸಾಮಾನ್ಯ ವಿಮೆ ಎಂಬ ಮೂರೇ ಸೇವೆಗಳ ಮೇಲೆ. ಆದುದರಿಂದ ಹಿಂದಿನ ಕಾಲದಲ್ಲಿ ಉತ್ತರ ಸುಲಭವಾಗಿತ್ತು. ಮಾರಿದವನೇ ಶುಲ್ಕ ತೆಗೆದುಕೊಂಡರೆ ಅದು ಸಾಧಾರಣವಾಗಿ ಬೆಲೆಯೊಳಗೆ ಸೇರುತ್ತಿತ್ತು. ಮಾರದ ಮೂರನೆಯವನು ಬರೀ ಕೆಲಸಕ್ಕೆ ತೆಗೆದುಕೊಂಡರೆ ಮಾರಾಟ ತೆರಿಗೆಗೆ ಅಲ್ಲಿ ಎಡೆಯಿರಲಿಲ್ಲ.

2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ, ಎಂದರೆ ಜಿ.ಎಸ್.ಟಿ., ಬಂದಾಗ ಎರಡೂ ಒಂದೇ ಸೂರಿನಡಿ ಬಂದುವು. ಇನ್ನು ಮೇಲೆ ಸರಕೋ ಸೇವೆಯೋ ಎಂಬ ಜಗಳವಿಲ್ಲವೆಂದು ಅನೇಕರು ಭಾವಿಸಿದರು. ಎರಡಕ್ಕೂ ಒಂದೇ ದರವಿದ್ದಿದ್ದರೆ ಆ ಮಾತು ನಿಜವಾಗುತ್ತಿತ್ತು. ಆದರೆ ರಿವಾಲ್ವರು, ಪಿಸ್ತೂಲುಗಳ ಮೇಲೆ ನೂರಕ್ಕೆ 28 ಇದ್ದ ತೆರಿಗೆ 2025ರ ಸೆಪ್ಟೆಂಬರ್ 22ರಿಂದ 40 ಆಯಿತು. ಪ್ರತ್ಯೇಕ ದರ ಗೊತ್ತುಮಾಡದ ಸಾಮಾನ್ಯ ಸೇವೆಗಳಿಗೆ 18 ಆಗಿಯೇ ಉಳಿಯಿತು. ಸೂರು ಒಂದಾದರೂ ಒಳಗಿನ ಗೋಡೆ ಬಿದ್ದಿಲ್ಲವೆಂದಾಯಿತು.

ಈಗ ಮಾವನವರ ಲೆಕ್ಕಕ್ಕೆ ಬರೋಣ. ಸುಲಭಕ್ಕಾಗಿ ರಿವಾಲ್ವರಿನ ಬೆಲೆ ಒಂದು ಲಕ್ಷವೆಂದು ಇಟ್ಟುಕೊಳ್ಳೋಣ. ಬೆಂಗಳೂರಿನವರೇ 5,000 ರೂಪಾಯಿಯನ್ನು ತಲುಪಿಸುವ ಖರ್ಚೆಂದೋ ಕಮಿಷನ್ ಎಂದೋ ತಮ್ಮ ಬಿಲ್ಲಿನಲ್ಲಿ ಸೇರಿಸಿದ್ದರೆ, ಜಿ.ಎಸ್.ಟಿ. ಶಾಸನದ 15ನೆಯ ಪ್ರಕರಣದಂತೆ ಅದು ಬೆಲೆಯ ಅಂಗವೇ ಆಗುತ್ತಿತ್ತು. ಏಕೆಂದರೆ ಸರಕನ್ನು ಕೊಡುವ ಹೊತ್ತಿಗೋ ಅದಕ್ಕೆ ಮೊದಲೋ ಮಾರುವವನು ಮಾಡಿದ ಯಾವ ಕೆಲಸಕ್ಕೆ ಹಣ ಕೇಳಿದರೂ ಅದು ಮೌಲ್ಯದೊಳಗೆ ಸೇರತಕ್ಕದ್ದು. ಆಗ 1,05,000ಕ್ಕೆ 42,000 ತೆರಿಗೆ. ಇಲ್ಲಿಯ ಅಂಗಡಿಯವರೇ ಬೆಂಗಳೂರಿನಿಂದ ಕೊಂಡು, ತಮ್ಮ ಹೆಸರಿನ ಬಿಲ್ಲಿನಲ್ಲಿ 1,05,000ಕ್ಕೆ ಮಾವನವರಿಗೆ ಮಾರಿದ್ದರೂ ಅಷ್ಟೇ. ಆಗ ಆ ಐದು ಸಾವಿರ ಶುಲ್ಕವಲ್ಲ, ಲಾಭ.

ನಡೆದದ್ದಾದರೋ ಇವೆರಡೂ ಅಲ್ಲ. ಮಾರಿದವರು ಒಬ್ಬರು, ಕೈಗೆ ಕೊಟ್ಟವರು ಮತ್ತೊಬ್ಬರು, ಬಿಲ್ಲುಗಳೂ ಎರಡು. ನಮ್ಮ ಅಂಗಡಿಯವರ ವಾದ ಹೀಗಿತ್ತು: "ರಿವಾಲ್ವರ್ ಇಲ್ಲದೆ ನನ್ನ ಕೆಲಸವಿಲ್ಲ, ಎರಡೂ ಸೇರಿಯೇ ಒಂದು ವ್ಯವಹಾರ, ಆದ್ದರಿಂದ ಮುಖ್ಯ ಸರಕಿನ ದರವೇ ಇದಕ್ಕೂ." ಕೇಳುವುದಕ್ಕೆ ಚೆನ್ನಾಗಿದೆ. ಶಾಸನದಲ್ಲಿ 'ಸಂಯುಕ್ತ ಪೂರೈಕೆ' ಎಂಬುದೊಂದಿದೆ. ಅದರಲ್ಲಿ ಪ್ರಧಾನವಾದುದರ ದರವೇ ಇಡೀ ವ್ಯವಹಾರಕ್ಕೆ ಅನ್ವಯಿಸುವುದೂ ನಿಜ. ಆದರೆ ಆ ವ್ಯಾಖ್ಯೆಯನ್ನು ನಿಧಾನವಾಗಿ ಓದಿದರೆ, ಎರಡೂ ಪೂರೈಕೆಗಳನ್ನು ಒಬ್ಬನೇ ವ್ಯಾಪಾರಿ ಮಾಡಿರಬೇಕು ಎಂಬುದು ಕಾಣುತ್ತದೆ. ಇಬ್ಬರು ಮಾಡಿದ್ದನ್ನು ಒಟ್ಟುಗೂಡಿಸಿ ಸಂಯುಕ್ತವೆನ್ನಲು ಅವಕಾಶವಿಲ್ಲ. ಇನ್ನು, ಅಂಗಡಿಯವರು ಬೆಂಗಳೂರಿನವರ ಏಜೆಂಟರಾಗಿ ಮಾರಿದರೆನ್ನಬಹುದೇ? 2018ರ ಸೆಪ್ಟೆಂಬರಿನಲ್ಲಿ ಕೇಂದ್ರದ ತೆರಿಗೆ ಮಂಡಲಿ ಹೊರಡಿಸಿದ ಸುತ್ತೋಲೆ ಇದಕ್ಕೆ ಒರೆಗಲ್ಲನ್ನು ಕೊಟ್ಟಿದೆ: ಸರಕಿನ ಬಿಲ್ಲು ಯಾರ ಹೆಸರಿನಲ್ಲಿದೆ ಎಂದು ನೋಡಬೇಕು. ಸರಕಿನ ಬಿಲ್ಲು ಬೆಂಗಳೂರಿನವರದು. ಆದುದರಿಂದ ಇಲ್ಲಿಯವರು ಕೊಟ್ಟದ್ದು ಬರೀ ಸೇವೆ. ತೆರಿಗೆ ನೂರಕ್ಕೆ 18, ಎಂದರೆ 900 ರೂಪಾಯಿ. ಹೆಚ್ಚಿಗೆ ತೆತ್ತದ್ದು 1,100.

ಅಂಗಡಿ ಚಿಕ್ಕದಾಗಿದ್ದು ನೋಂದಣಿಯನ್ನೇ ಮಾಡಿಸಿರದಿದ್ದರೆ ಒಂದು ರೂಪಾಯಿ ತೆರಿಗೆಯನ್ನೂ ಕೇಳುವಂತಿರಲಿಲ್ಲ. ಸೇವೆಯನ್ನು ಒದಗಿಸುವವರಿಗೆ ನಮ್ಮ ರಾಜ್ಯದಲ್ಲಿ ವರ್ಷಕ್ಕೆ 20 ಲಕ್ಷದವರೆಗೆ ಸಾಧಾರಣವಾಗಿ ನೋಂದಣಿಯ ಕಡ್ಡಾಯವಿಲ್ಲ. ಸರಕನ್ನಷ್ಟೇ ಮಾರುವವರಿಗೆ 40 ಲಕ್ಷ. ಅಂಗಡಿಯವರು ನಮ್ಮ ಪರವಾಗಿ ಸರ್ಕಾರಕ್ಕೆ ಕಟ್ಟಿದ ಶುಲ್ಕವೇನಾದರೂ ಇದ್ದರೆ, ಕಟ್ಟಿದಷ್ಟನ್ನೇ ಬಿಲ್ಲಿನಲ್ಲಿ ಬೇರೆಯಾಗಿ ಕಾಣಿಸಿ, ನಿಯಮದ ಉಳಿದ ಷರತ್ತುಗಳನ್ನೂ ಪಾಲಿಸಿದಲ್ಲಿ, ಅದಕ್ಕೂ ತೆರಿಗೆ ಇಲ್ಲ.

ನಮ್ಮ ಮೂರು ತಾಲೂಕುಗಳಲ್ಲಿ ಮನೆಯಿಂದ ಮನೆಗೆ ಹೋಗುವ ಹಳೆಯ ಕೋವಿಗಳ ವಿಚಾರವನ್ನೂ ಹೇಳಬೇಕು. ಅಜ್ಜಂಪುರದ ಕಡೆಯ ವೃದ್ಧ ರೈತರೊಬ್ಬರು ತಮ್ಮ ಕೋವಿಯನ್ನು ಲೈಸೆನ್ಸುಳ್ಳ ತರೀಕೆರೆಯ ಪರಿಚಿತರೊಬ್ಬರಿಗೆ ಮಾರುತ್ತಾರೆನ್ನೋಣ. ತನ್ನ ಸ್ವಂತ ಉಪಯೋಗದ ಆಯುಧವನ್ನು ಹೀಗೆ ಕೊಡಲು ವ್ಯಾಪಾರದ ಲೈಸೆನ್ಸ್ ಬೇಡ. ಆದರೆ ಕೊಳ್ಳುವವರ ಹೆಸರು, ವಿಳಾಸಗಳನ್ನು ಜಿಲ್ಲಾ ಮ್ಯಾಜಿಸ್ಟ್ರೇಟರಿಗೋ ಹತ್ತಿರದ ಪೊಲೀಸ್ ಠಾಣೆಗೋ ಬರೆದು ತಿಳಿಸಿ, 45 ದಿನ ಕಳೆದ ಮೇಲೆಯೇ ಕೊಡಬೇಕು. ರೈತರು ಕೋವಿ ವ್ಯಾಪಾರಿಗಳಲ್ಲವಾದ್ದರಿಂದ ಆ ಬೆಲೆಗೆ ಜಿ.ಎಸ್.ಟಿ. ಇಲ್ಲ. ನಡುವೆ ಅಂಗಡಿಯವರನ್ನು ಕರೆದು ಕೆಲಸ ಮಾಡಿಸಿಕೊಂಡರೆ ಅವರ ಶುಲ್ಕಕ್ಕೆ ಮಾತ್ರ ತೆರಿಗೆ. ಚುನಾವಣೆಯ ಕಾಲದಲ್ಲಿ ಕೋವಿಯನ್ನು ಠಾಣೆಗೆ ಬದಲು ಲೈಸೆನ್ಸುದಾರ ಅಂಗಡಿಯಲ್ಲಿ ಒಪ್ಪಿಸಿ ಬಾಡಿಗೆ ತೆತ್ತರೂ ಹಾಗೆಯೇ; ಅಲ್ಲಿ ಮಾರಾಟದ ಸೋಂಕೇ ಇಲ್ಲ.

ಈ ವಿಷಯಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡು ಮಾವನವರೊಡನೆ ಅಂಗಡಿಗೆ ಹೋದೆನು. ಮಾಲೀಕರು ಮೊದಲು ನನ್ನ ವಯಸ್ಸನ್ನು ನೋಡಿ ನಕ್ಕರು. ತರುವಾಯ ತಮ್ಮ ಲೆಕ್ಕಿಗರಿಗೆ ಫೋನ್ ಮಾಡಿ ಹತ್ತು ನಿಮಿಷ ಮಾತಾಡಿದರು. ಹೆಚ್ಚು ತೆರಿಗೆ ಹಾಕಿದ ಬಿಲ್ಲನ್ನು ಸರಿಪಡಿಸಲು ಶಾಸನದ 34ನೆಯ ಪ್ರಕರಣದಲ್ಲಿ ಕ್ರೆಡಿಟ್ ನೋಟಿನ ಏರ್ಪಾಡಿದೆ. ಮುಂದಿನ ಸೋಮವಾರ ಆ ನೋಟೂ 1,100 ರೂಪಾಯಿಯೂ ಬಂದುವು. ಹಣವನ್ನು ಮಾವನವರು ಜೇಬಿಗೆ ಹಾಕಿಕೊಂಡರು. ನೋಟಿನ ನಕಲನ್ನು ನನಗೆ ಕೊಟ್ಟರು.