ಸಂಘದ ಇ-ಮೇಲ್ ಮತ್ತೆ ಮತ್ತೆ ಪಾಸ್‌ವರ್ಡ್ ಕೇಳುತ್ತಿದೆಯೇ?



ಕೆಚ್ಚಲು ಬಾವು, ಜಂತಿನ ಔಷಧಿ, ಖನಿಜ ಮಿಶ್ರಣ ಎಂದು ಬರೆಯುತ್ತಿದ್ದ ನಾನು ಈ ಸಲ ಕಂಪ್ಯೂಟರ್ ಬಗ್ಗೆ ಬರೆಯುತ್ತಿದ್ದೇನೆ. ಕಾರಣ ಒಂದು ಸತ್ತ ಆಕಳು.

ನರೇಗಲ್ ಸುತ್ತಿನ ಒಂದು ಮಹಿಳಾ ಸಂಘ. ಸದಸ್ಯೆಯೊಬ್ಬರ ವಿಮೆ ಮಾಡಿಸಿದ ಆಕಳು ಸತ್ತಿತು. ನಾನೇ ಹೋಗಿ ಮರಣೋತ್ತರ ಪರೀಕ್ಷೆ ಮಾಡಿ ಪ್ರಮಾಣಪತ್ರ ಕೊಟ್ಟೆ. ಕಾಗದಪತ್ರಗಳು ಸಂಘದ ಇ-ಮೇಲ್‌ನಿಂದ ವಿಮೆಯವರಿಗೆ ಹೋದವು. ಕಿವಿಯೋಲೆಯ 12 ಅಂಕಿ ಸ್ಪಷ್ಟವಾಗಿ ಕಾಣುವ ಫೋಟೊ ಒಂದು ವಾರದೊಳಗೆ ಕಳಿಸಿ ಎಂದು ಅವರು ಉತ್ತರ ಬರೆದರು. ಆ ಉತ್ತರವನ್ನು ಯಾರೂ ಓದಲಿಲ್ಲ. ಸಂಘದ ಕಂಪ್ಯೂಟರಿನಲ್ಲಿ ಔಟ್‌ಲುಕ್ ತೆರೆದರೆ ಸಾಕು, ಸಣ್ಣದೊಂದು ಚೌಕ ಬಂದು ಪಾಸ್‌ವರ್ಡ್ ಕೇಳುತ್ತಿತ್ತು. ಹಾಕಿದರೆ ಮತ್ತೆ ಕೇಳುತ್ತಿತ್ತು. "ಇಪ್ಪತ್ತು ಸಲ ಹೊಡದೀನ್ರಿ ಡಾಕ್ಟ್ರ, ಒಲ್ಲೆ ಅಂತೈತಿ" ಎಂದರು ಕಾರ್ಯದರ್ಶಿ ಅಕ್ಕ. ಅಷ್ಟೊತ್ತಿಗೆ ಗಡುವು ಮುಗಿದಿತ್ತು. ಅವರು ಕೇಳಿದ ಫೋಟೊ ಅಷ್ಟೂ ದಿನ ನನ್ನ ಫೋನಿನಲ್ಲೇ ಇತ್ತು. ಆ ಪರಿಹಾರ ಇನ್ನೂ ತೀರ್ಮಾನವಾಗಿಲ್ಲ.

ಮೂರು ಸಲ ಇಂಜೆಕ್ಷನ್ ಕೊಡಿಸಿದರೂ ಗಬ್ಬ ನಿಲ್ಲದೆ, 21 ದಿನಕ್ಕೊಮ್ಮೆ ಹೊಳ್ಳಿ ಬೆದೆಗೆ ಬರುವ ಆಕಳನ್ನು ನೀವು ಕಂಡಿದ್ದೀರಿ. ಅದಕ್ಕೆ ನಾಲ್ಕನೇ ಸಲವೂ ಸುಮ್ಮನೆ ಗರ್ಭಧಾರಣೆ ಮಾಡಿಸಿದರೆ ಏನೂ ಆಗುವುದಿಲ್ಲ. ಗರ್ಭಕೋಶದಲ್ಲಿ ಸೋಂಕಿದೆಯೇ, ಮೇವಿನಲ್ಲಿ ಕೊರತೆಯಿದೆಯೇ, ಬೆದೆಯ ಹೊತ್ತು ತಪ್ಪಿತೇ ಎಂದು ನೋಡಬೇಕು. ಪಾಸ್‌ವರ್ಡ್ ಕೇಳುವ ಚೌಕದ ಕಥೆಯೂ ಅದೇ. ಎರಡು ಸಲ ಒಪ್ಪಲಿಲ್ಲವೆಂದರೆ ಕೈ ತೆಗೆಯಿರಿ. ತಪ್ಪು ಪಾಸ್‌ವರ್ಡನ್ನು ಹೊಡೆಯುತ್ತಲೇ ಹೋದರೆ ಖಾತೆಯೇ ಸ್ವಲ್ಪ ಹೊತ್ತು ಬಂದ್ ಆಗಬಹುದು.

ಮೊದಲು ರೋಗ ಎಲ್ಲಿದೆ ನೋಡಿ. ಔಟ್‌ಲುಕ್ ಮುಚ್ಚಿ, ಕ್ರೋಮ್ ತೆರೆದು, ಜಿಮೇಲ್ ವಿಳಾಸವನ್ನು ನೀವೇ ಟೈಪ್ ಮಾಡಿ ಒಳಗೆ ಹೋಗಿ. ಅಲ್ಲಿ ಅದೇ ಪಾಸ್‌ವರ್ಡಿಗೆ ತೆರೆದುಕೊಂಡರೆ ಖಾತೆ ಗಟ್ಟಿಯಾಗಿದೆ, ದೋಷ ಔಟ್‌ಲುಕ್‌ನಲ್ಲಿದೆ. ಅಲ್ಲಿಯೂ ಒಪ್ಪದಿದ್ದರೆ ಪಾಸ್‌ವರ್ಡೇ ತಪ್ಪು, ಇಲ್ಲವೇ ಯಾರೋ ಬದಲಿಸಿದ್ದಾರೆ. ಎರಡೇ ನಿಮಿಷದ ಪರೀಕ್ಷೆ ಇದು, ಮತ್ತು ತುರ್ತು ಪತ್ರವನ್ನು ಆಗಲೇ ಓದಿಕೊಳ್ಳಲೂಬಹುದು. ಆ ಸಂಘದಲ್ಲಿ ಇಷ್ಟೊಂದು ಮಾಡಿದ್ದರೂ ಫೋಟೊ ಹೊತ್ತಿಗೆ ಸರಿಯಾಗಿ ಹೋಗುತ್ತಿತ್ತು.

ದೋಷ ಔಟ್‌ಲುಕ್‌ನಲ್ಲಿದ್ದರೆ ನಮ್ಮ ಭಾಗದಲ್ಲಿ ಸಾಮಾನ್ಯ ಕಾರಣ ಅದು ಹಳೆಯದಾಗಿರುವುದು. ಬರೀ ಹೆಸರು ಮತ್ತು ಪಾಸ್‌ವರ್ಡ್ ಕೊಟ್ಟು ಒಳಬರುವ ಹಳೆಯ ಪದ್ಧತಿಯನ್ನು ಗೂಗಲ್ 2022ರ ಮೇ 30ರಿಂದ ಸಾಮಾನ್ಯ ಜಿಮೇಲ್ ಖಾತೆಗಳಿಗೆ ನಿಲ್ಲಿಸಿತು. ಮೈಕ್ರೋಸಾಫ್ಟ್ ಕೂಡ ಕಚೇರಿಗಳ ಇ-ಮೇಲ್‌ಗೆ ಅದೇ ವರ್ಷ ಅಕ್ಟೋಬರ್‌ನಿಂದ ಆ ಪದ್ಧತಿಯನ್ನು ಬಂದ್ ಮಾಡುತ್ತ ಬಂದಿತು. 2010ರ, 2013ರ ಔಟ್‌ಲುಕ್‌ಗೆ ಈಗ ಕಂಪನಿಯ ಬೆಂಬಲವೂ ಇಲ್ಲ. ಅಂಥದರಲ್ಲಿ ಜಿಮೇಲ್ ಇಟ್ಟುಕೊಂಡರೆ ನೀವು ಸರಿಯಾದ ಪಾಸ್‌ವರ್ಡ್ ಹಾಕಿದರೂ ಗೂಗಲ್ ಒಪ್ಪುವುದಿಲ್ಲ. ತಪ್ಪು ನಿಮ್ಮ ಬೆರಳಿನದಲ್ಲ. ಖಾತೆಗೆ ಎರಡು ಹಂತದ ಪರಿಶೀಲನೆ ಹಾಕಿಸಿದರೆ, ಗೂಗಲ್ ಭದ್ರತಾ ಪುಟದಿಂದ 16 ಅಕ್ಷರದ 'ಆ್ಯಪ್ ಪಾಸ್‌ವರ್ಡ್' ಪಡೆದು ಹಳೆಯ ಔಟ್‌ಲುಕ್‌ನಲ್ಲಿ ಅದನ್ನೇ ಹಾಕಬಹುದು. ನನ್ನನ್ನು ಕೇಳಿದರೆ, ಸಣ್ಣ ಸಂಘಕ್ಕೆ ಔಟ್‌ಲುಕ್ ಬೇಕೇ ಇಲ್ಲ. ಕ್ರೋಮ್‌ನಲ್ಲೇ ಜಿಮೇಲ್ ನೋಡುವುದು ಸುಲಭ.

ಇನ್ನೊಂದು ಕಾರಣ, ಯಾರೋ ಫೋನಿನಲ್ಲಿ ಪಾಸ್‌ವರ್ಡ್ ಬದಲಿಸಿರುತ್ತಾರೆ, ಕಂಪ್ಯೂಟರ್ ಮಾತ್ರ ಹಳೆಯದನ್ನೇ ನೆನಪಿಟ್ಟುಕೊಂಡು ಕಳಿಸುತ್ತಿರುತ್ತದೆ. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಕ್ರೆಡೆನ್ಷಿಯಲ್ ಮ್ಯಾನೇಜರ್ ಎಂಬುದಿದೆ. ಅಲ್ಲಿ ಉಳಿದ ಹಳೆಯ ಗುರುತನ್ನು ತೆಗೆದು, ಔಟ್‌ಲುಕ್ ಮತ್ತೆ ತೆರೆದು ಹೊಸ ಪಾಸ್‌ವರ್ಡ್ ಒಮ್ಮೆ ಹಾಕಿದರೆ ಸಾಕು.

ಕರೆಂಟಿನ ಮಾತೂ ಇದೆ. ಹಳೆಯ ಕಂಪ್ಯೂಟರಿನೊಳಗೆ ರೂಪಾಯಿ ನಾಣ್ಯದಂಥ ಒಂದು ಬ್ಯಾಟರಿ ಇರುತ್ತದೆ. ಅದು ಸತ್ತರೆ ಕರೆಂಟ್ ಹೋಗಿ ಬಂದಾಗಲೆಲ್ಲ ದಿನಾಂಕ ಎಷ್ಟೋ ವರ್ಷ ಹಿಂದಕ್ಕೆ ಹೋಗುತ್ತದೆ. ದಿನಾಂಕ ತಪ್ಪಿದ ಕಂಪ್ಯೂಟರನ್ನು ಗೂಗಲ್ ನಂಬುವುದಿಲ್ಲ. ಪರದೆಯ ಮೂಲೆಯಲ್ಲಿ ತಾರೀಖು ನೋಡಿ. ಬ್ಯಾಟರಿ ಬದಲಿಸಲು ದೊಡ್ಡ ಖರ್ಚೇನೂ ಇಲ್ಲ.

ನಗು ಬರುವ ಕಾರಣವೂ ಒಂದು. ಮೀಟಿಂಗ್ ನೋಟಿಸು ಟೈಪ್ ಮಾಡಲು 'ನುಡಿ' ಹಾಕಿರುತ್ತೀರಿ, ತೆಗೆಯುವುದು ಮರೆತಿರುತ್ತದೆ. ಪಾಸ್‌ವರ್ಡ್ ಕನ್ನಡದಲ್ಲಿ ಬೀಳುತ್ತಿರುತ್ತದೆ, ಕಾಣುವುದು ಮಾತ್ರ ಚುಕ್ಕಿ. ನೋಟ್‌ಪ್ಯಾಡಿನಲ್ಲಿ ಒಮ್ಮೆ ಹೊಡೆದು ಕಣ್ಣಾರೆ ನೋಡಿ, ಅಳಿಸಿಬಿಡಿ.

"ಇದೆಲ್ಲ ಕಾರ್ಯದರ್ಶಿ ಕೆಲಸರೀ, ನಮಗ್ಯಾಕ?" ಎನ್ನಬೇಡಿ. ಸತ್ತಿದ್ದು ಕಾರ್ಯದರ್ಶಿಯ ಆಕಳಲ್ಲ. ಮುಂದಿನ ಸಭೆಯಲ್ಲಿ ಒಂದು ಪ್ರಶ್ನೆ ಕೇಳಿ: ಸಂಘದ ಇ-ಮೇಲ್‌ಗೆ ಯಾರ ಮೊಬೈಲ್ ನಂಬರ್ ಕೊಟ್ಟಿದೆ? ಎಷ್ಟೋ ಕಡೆ ಕೆಲಸ ಬಿಟ್ಟುಹೋದ ಹಿಂದಿನ ಕಾರ್ಯದರ್ಶಿಯದೋ, ಅವರ ಮಗನದೋ ಇರುತ್ತದೆ. ಪಾಸ್‌ವರ್ಡ್ ಮರೆತರೆ ಒಟಿಪಿ ಅವರ ಫೋನಿಗೆ ಹೋಗುತ್ತದೆ. ಅವರು ಬೆಂಗಳೂರಿಗೆ ಹೋಗಿ ನಂಬರ್ ಬದಲಿಸಿದ್ದರೆ ಮುಗಿಯಿತು. ಈಗ, ಒಳಗೆ ಹೋಗಲು ಬರುತ್ತಿರುವಾಗಲೇ ಕಾರ್ಯದರ್ಶಿಯ ನಂಬರನ್ನು ಸೇರಿಸಿ, ಹಳೆಯದನ್ನು ತೆಗೆಸಿ. ಅಧಿಕಾರ ಹಸ್ತಾಂತರದಲ್ಲಿ ಕೀಲಿಕೈ, ಹಾಲಿನ ಮಾಪು, ರಿಜಿಸ್ಟರ್ ಬರೆಯುವ ಹಾಗೆ ಇ-ಮೇಲನ್ನೂ ಬರೆದುಕೊಳ್ಳಿ.

ಕೊನೆಯದು ನನಗೆ ಹೆಚ್ಚು ಹೆದರಿಕೆ ಹುಟ್ಟಿಸುವುದು. ದಿನಕ್ಕೆ ಹತ್ತು ಸಲ ಪಾಸ್‌ವರ್ಡ್ ಕೇಳಿಸಿಕೊಂಡು ರೂಢಿಯಾದವರು, ಕಳ್ಳ ಕೇಳಿದರೂ ಕೊಟ್ಟುಬಿಡುತ್ತಾರೆ. "ನಿಮ್ಮ ಮೇಲ್‌ಬಾಕ್ಸ್ ತುಂಬಿದೆ, ಇಲ್ಲಿ ಒತ್ತಿ ಲಾಗಿನ್ ಆಗಿ" ಎಂದು ಪತ್ರ ಬರುತ್ತದೆ. ಒತ್ತಿದರೆ ತೆರೆಯುವ ಪುಟ ಜಿಮೇಲ್‌ನ ತದ್ರೂಪ. ಲಿಂಕ್ ಒತ್ತಿ ತೆರೆದ ಪುಟದಲ್ಲಿ ಪಾಸ್‌ವರ್ಡ್ ಹಾಕಲೇಬೇಡಿ, ವಿಳಾಸ ನೀವೇ ಟೈಪ್ ಮಾಡಿ ಹೋಗಿ. ಯಾರೂ ಲಾಗಿನ್ ಆಗದಿದ್ದಾಗ "ಲಾಗಿನ್ ಆಗುತ್ತಿರುವುದು ನೀವೇನಾ?" ಎಂದು ಫೋನ್ ಕೇಳಿದರೆ 'ಇಲ್ಲ' ಎಂದೇ ಒತ್ತಿ, ಪಾಸ್‌ವರ್ಡ್ ಬದಲಿಸಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ.

ಹಾಂ, ಫೋಟೊದ ವಿಷಯ. ವಿಮೆ ಮಾಡಿಸಿದ ದಿನವೇ ಕಿವಿಯೋಲೆಯ ಸಗಣಿ ಒರೆಸಿ, ಹತ್ತಿರದಿಂದ ಒಂದು ಫೋಟೊ, ಇಡೀ ಆಕಳದ್ದೊಂದು ಫೋಟೊ ತೆಗೆದು ನಿಮ್ಮ ಫೋನಿನಲ್ಲೇ ಇಟ್ಟುಕೊಂಡಿರಿ.