ಬಾಣಂತಿಗೆ ಮಲಗಿದರೆ ಉಸಿರು ಕಟ್ಟುತ್ತಿದೆಯೇ? ಸುಸ್ತು ಎಂದು ಸುಮ್ಮನಿರಬೇಡಿ

ಇಂದಿನ ವಿಷಯ: ಹೆರಿಗೆ ಮತ್ತು ಹೃದಯ.

ಗರ್ಭಿಣಿಯ ಮೈಯಲ್ಲಿ ರಕ್ತದ ಪ್ರಮಾಣ ಸುಮಾರು 40ರಿಂದ 50% ಹೆಚ್ಚುತ್ತದೆ. ಅಷ್ಟನ್ನೂ ಹೃದಯವೇ ಪಂಪ್ ಮಾಡಬೇಕು. ಹೀಗಾಗಿ ಮೆಟ್ಟಿಲು ಹತ್ತುವಾಗ ಸ್ವಲ್ಪ ಏದುಸಿರು, ಸಂಜೆ ಪಾದದಲ್ಲಿ ಬಾವು ಸಾಮಾನ್ಯ. ಹೆರಿಗೆಯ ನಂತರ ಇವು ದಿನೇ ದಿನೇ ಇಳಿಯಬೇಕು. ಏರುತ್ತಿದ್ದರೆ ಹೃದಯ ಪರೀಕ್ಷೆ ಮಾಡಿಸಲೇಬೇಕು.

ಕೆಲವರಿಗೆ ಗರ್ಭದ ಕೊನೆಯ ತಿಂಗಳಿನಿಂದ ಹೆರಿಗೆಯ ನಂತರ 5 ತಿಂಗಳೊಳಗೆ ಹೃದಯದ ಸ್ನಾಯು ದುರ್ಬಲವಾಗುತ್ತದೆ. ಇದೇ ಪೆರಿಪಾರ್ಟಮ್ ಕಾರ್ಡಿಯೋಮಯೋಪತಿ. ಮೊದಲು ಹೃದ್ರೋಗ ಇಲ್ಲದವರಿಗೂ ಬರಬಹುದು. ಬಿಪಿ ಏರಿದವರಿಗೆ, ಅವಳಿ ಮಕ್ಕಳನ್ನು ಹೆತ್ತವರಿಗೆ, 30 ವರ್ಷ ದಾಟಿದವರಿಗೆ ಅಪಾಯ ಹೆಚ್ಚು. ಬೇಗ ಪತ್ತೆಯಾದರೆ ಔಷಧಿಯಿಂದ ಅನೇಕರು ಚೇತರಿಸಿಕೊಳ್ಳುತ್ತಾರೆ.

ಈ ಲಕ್ಷಣಗಳಿದ್ದರೆ ಅದೇ ದಿನ ವೈದ್ಯರಿಗೆ ತೋರಿಸಿ:
1. ಮಲಗಿದರೆ ಉಸಿರು ಕಟ್ಟುವುದು, ದಿಂಬು ಏರಿಸಿಕೊಂಡೇ ಮಲಗಬೇಕಾಗುವುದು
2. ರಾತ್ರಿ ಉಸಿರು ಸಿಗದೆ ಎದ್ದು ಕೂರುವುದು, ಒಣ ಕೆಮ್ಮು
3. ಕಾಲು ಬಾವು, ತೂಕ ದಿಢೀರ್ ಏರುವುದು
4. ಸುಮ್ಮನೆ ಕೂತಿದ್ದರೂ ಎದೆ ಡವಡವ

ಕೂತಲ್ಲೇ ಏದುಸಿರು, ಎದೆನೋವು, ಪ್ರಜ್ಞೆ ತಪ್ಪುವುದು, ಬಿಪಿ 160/110 ಅಥವಾ ಹೆಚ್ಚು ಇದ್ದರೆ ಬೆಳಗಿನವರೆಗೆ ಕಾಯದೆ 112ಕ್ಕೆ ಕರೆ ಮಾಡಿ.

"ಹಸಿ ಬಾಣಂತಿ, ನಿದ್ದೆ ಇಲ್ಲ, ಅದಕ್ಕೇ ಸುಸ್ತು" ಎಂದು ಹಿರಿಯರು ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಬರೀ ಸುಸ್ತಾದರೆ ಮಲಗಿದಾಗ ಹಾಯೆನಿಸುತ್ತದೆ. ಹೃದಯದ ತೊಂದರೆಯಾದರೆ ಮಲಗಿದಾಗಲೇ ಉಸಿರು ಕಟ್ಟುತ್ತದೆ. ಇಸಿಜಿ ಮತ್ತು ಎಕೋ ಮಾಡಿಸಬೇಕೇ ಎಂದು ವೈದ್ಯರನ್ನು ಕೇಳಿ. ಇವುಗಳಿಂದ ಎದೆಹಾಲಿಗೆ ಯಾವ ತೊಂದರೆಯೂ ಇಲ್ಲ.

ಪರ ಊರಿನಲ್ಲಿರುವ ನಮಗೆ ಎರಡು ಮಾತು.

ಪುಣೆಯಲ್ಲಿ ತಪಾಸಣೆ, ತವರಿನಲ್ಲಿ ಬಾಣಂತನ ಎಂದಾದರೆ ವೈದ್ಯರು ಬದಲಾಗುತ್ತಾರೆ. ಬಿಪಿ ದಾಖಲೆ, ಡಿಸ್ಚಾರ್ಜ್ ಚೀಟಿ, ಮಾತ್ರೆಗಳ ಹೆಸರನ್ನು ಫೋಟೊ ತೆಗೆದು ಗಂಡ-ಹೆಂಡತಿ ಇಬ್ಬರ ಮೊಬೈಲಿನಲ್ಲೂ ಇಟ್ಟುಕೊಳ್ಳಿ.

ಊರಿನಿಂದ ಬಂದ ಅಮ್ಮನಿಗೆ ಅಲ್ಲಿನ ಭಾಷೆ ಬಾರದಿದ್ದರೆ, "ಮಲಗಿದರೆ ಏದುಸಿರು ಬರುತ್ತದೆ" ಎನ್ನಲು ಈ ಒಂದು ವಾಕ್ಯ ಕಲಿಸಿಡಿ:
ಹಿಂದಿ: ಲೇಟ್‌ನೇ ಪರ್ ಸಾಂಸ್ ಫೂಲ್‌ತೀ ಹೈ
ಮರಾಠಿ: ಝೋಪಲ್ಯಾವರ್ ಧಾಪ್ ಲಾಗತೇ
ತಮಿಳು: ಪಡುತ್ತಾ ಮೂಚ್ಚು ವಾಂಗುದು
ತೆಲುಗು: ಪಡುಕುಂಟೇ ಆಯಾಸಂ ವಸ್ತುಂದಿ

ಈ ಕಾಯಿಲೆ ಬಂದವರು ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು. ಮುಂದಿನ ಮಗುವಿನ ಯೋಚನೆಗೂ ಮೊದಲು ಹೃದಯ ತಜ್ಞರನ್ನು ಕಾಣಬೇಕು.

ಗರ್ಭಿಣಿ, ಬಾಣಂತಿ ಇರುವ ಮನೆಗಳಿಗೆ ಇದನ್ನು ತಪ್ಪದೇ ಕಳುಹಿಸಿ.